ತಾಯಿ ಕಾರ್ಡಲ್ಲಿ ಒಂದು ಬಣ್ಣದ ಪಟ್ಟಿ ಹಾಕಿ

ಸಂಪಾದಕರಿಗೆ ನಮಸ್ಕಾರ,

ಮಗುವಿನ ಲಿವರ್ ಕಸಿಗೆ ನೆರವು ಬೇಕು ಅಂತ ಫೋಟೋ, ಅಕೌಂಟ್ ನಂಬರ್ ಸಮೇತ ಮನವಿಗಳು ಪೇಪರಲ್ಲಿ, ವಾಟ್ಸಾಪಲ್ಲಿ ಬರ್ತಾನೇ ಇರ್ತವೆ. ಅಯ್ಯೋ ಪಾಪ ಅಂತೀವಿ, ಕೈಲಾದಷ್ಟು ಹಾಕ್ತೀವಿ, ಒಳ್ಳೇದೇ. ಆದ್ರೆ ಆ ಮಗು ಹುಟ್ಟಿದ ಮೊದಲ ಎರಡು ತಿಂಗಳಲ್ಲಿ ಏನಾಯ್ತು ಅಂತ ಯಾರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು.

ಎಳೆ ಕೂಸುಗಳಿಗೆ ಬಿಲಿಯರಿ ಅಟ್ರೇಸಿಯಾ ಅಂತ ಒಂದು ಕಾಯಿಲೆ ಬರುತ್ತೆ. ಲಿವರಿಂದ ಕರುಳಿಗೆ ಪಿತ್ತ ಇಳಿಯೋ ನಾಳನೇ ಮುಚ್ಚಿಹೋಗಿ, ಪಿತ್ತ ಒಳಗೇ ನಿಂತು ಲಿವರ್ ಹಾಳಾಗ್ತಾ ಹೋಗುತ್ತೆ. ಕಕ್ಕಕ್ಕೆ ಬಣ್ಣ ಕೊಡೋದೇ ಪಿತ್ತ, ಅದು ಇಳೀದಿದ್ರೆ ಕಕ್ಕ ಬೆಳ್ಳಗಾಗುತ್ತೆ. ಮಕ್ಕಳ ಲಿವರ್ ಕಸಿಗೆ ದೊಡ್ಡ ಕಾರಣನೇ ಇದು. ಜಪಾನಿನ ಮೊರಿಯೊ ಕಸಾಯಿ ಅನ್ನೋ ಸರ್ಜನ್ 1950ರ ದಶಕದಲ್ಲೇ ಇದಕ್ಕೆ ಆಪರೇಷನ್ ಕಂಡುಹಿಡಿದ್ರು, ಮುಚ್ಚಿದ ನಾಳ ತೆಗೆದು ಕರುಳಿನ ತುಂಡನ್ನೇ ಲಿವರಿಗೆ ಜೋಡಿಸ್ತಾರೆ. ಹುಟ್ಟಿ 60 ದಿನದೊಳಗೆ ಆದ್ರೆ ಪಿತ್ತ ಇಳಿಯೋ ಚಾನ್ಸ್ ಚೆನ್ನಾಗಿರುತ್ತೆ, ತಡ ಆದಷ್ಟೂ ಕಮ್ಮಿ. ಆಪರೇಷನ್ ಆದವರಲ್ಲೂ ಎಷ್ಟೋ ಮಕ್ಕಳಿಗೆ ಮುಂದೆ ಕಸಿ ಬೇಕಾಗುತ್ತೆ ನಿಜ, ಆದ್ರೆ ಐದಾರು ಕೇಜಿ ಕೂಸಿಗೆ ಕಸಿ ಮಾಡೋದಕ್ಕೂ ಬೆಳೆದ ಮಗುವಿಗೆ ಮಾಡೋದಕ್ಕೂ ಅಜಗಜಾಂತರ.

ನಮ್ಮ ತಂಗಿ ಮಗನಿಗೆ ಆಗಿದ್ದು ಇದೇ. ತೂಕ ಏರ್ತಿತ್ತು, ಮೊಲೆ ಚೆನ್ನಾಗಿ ಕುಡೀತಿದ್ದ, ಯಾರಿಗೂ ಅನುಮಾನ ಬರಲಿಲ್ಲ. ಕಣ್ಣು ಮಾತ್ರ ಹಳದಿ. ಕಕ್ಕ ಸುಣ್ಣ ಕಲಸಿಟ್ಟಂಗೆ ಬೆಳ್ಳಗೆ, ಉಚ್ಚೆ ಗಾಢ ಹಳದಿ, ಬಿಳಿ ಬಟ್ಟೆ ಎಷ್ಟು ತಿಕ್ಕಿದ್ರೂ ಕಲೆ ಹೋಗ್ತಿರಲಿಲ್ಲ. ದಿನಾ ಬಟ್ಟೆ ಒಗೀತಿದ್ದ ನಮ್ಮವ್ವ "ಹಾಲು ಕುಡಿಯೋ ಕೂಸಲ್ಲೇನು, ಬೆಳ್ಳಗೇ ಇರ್ತದ ಬಿಡು" ಅಂದ್ಲು. ಊರಿನ ಡಾಕ್ಟ್ರು ಬೆಳಗಿನ ಬಿಸಿಲಿಗೆ ಹಿಡೀರಿ ಅಂದ್ರು. ಓಣಿಯವರು ಕಾಮಣಿ ಅದು, ಬರೆ ಹಾಕಿಸ್ರಿ ಅಂದ್ರು, ಪುಣ್ಯಕ್ಕೆ ಅದೊಂದು ಮಾಡಲಿಲ್ಲ. ಸೋದರಮಾವನ್ನ ಮದುವೆ ಆಗಿದ್ದಕ್ಕೇ ಹಿಂಗಾಯ್ತು ಅಂತ ತಂಗಿಗೆ ಚುಚ್ಚಿದೋರೂ ಇದ್ರು. (ಈ ಕಾಯಿಲೆ ಹಂಗೆ ವಂಶದಿಂದ ಬರೋದಲ್ಲ ಅಂತ ಆಮೇಲೆ ಸ್ಪೆಷಲಿಸ್ಟ್ ಬಿಡಿಸಿ ಹೇಳಿದ್ರು, ಅಷ್ಟೊತ್ತಿಗೆ ಅವಳು ಅತ್ತು ಸಾಕಾಗಿತ್ತು.) ಬೆಂಗಳೂರು ಮುಟ್ಟೋ ಹೊತ್ತಿಗೆ ಎರಡೂವರೆ ತಿಂಗಳು ದಾಟಿತ್ತು, ಆಪರೇಷನ್ ಮಾಡಿದ್ರು, ಪಿತ್ತ ಇಳೀಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿ, ಕೈಕಾಲು ಕಡ್ಡಿ ಆಗಿ, ಕೊನೆಗೆ ತಂಗಿನೇ ತನ್ನ ಲಿವರಿನ ಒಂದು ಭಾಗ ಕೊಟ್ಲು. ಈಗ ಅಂಗನವಾಡಿಗೆ ಹೋಗ್ತಾನೆ.

ಕಸಿ ಅಂದ್ರೆ ಹೆದರಬೇಕಾಗಿಲ್ಲ, ಕೊಟ್ಟೋರ ಲಿವರ್ ಮತ್ತೆ ಬೆಳೆಯುತ್ತೆ. 1998ರಲ್ಲಿ ದೆಹಲಿಯ ಅಪೋಲೋದಲ್ಲಿ ದೇಶದ ಮೊದಲ ಯಶಸ್ವಿ ಮಕ್ಕಳ ಲಿವರ್ ಕಸಿ ಆಗಿದ್ದು ಇದೇ ಕಾಯಿಲೆ ಇದ್ದ ಕಾಂಚೀಪುರಂ ಕಡೆಯ ಕೂಸಿಗೆ, ಲಿವರ್ ಕೊಟ್ಟಿದ್ದು ಅವನ ಅಪ್ಪ, ಆ ಹುಡುಗ ದೊಡ್ಡವನಾಗಿ ಡಾಕ್ಟರೇ ಆದ. ಆದ್ರೆ ಎಲ್ಲರ ಹಣೆಬರಹ ಹಂಗಿರಲ್ಲ, ಕಸಿ ತನಕ ಮುಟ್ಟದೇ ಹೋಗೋ ಕೂಸುಗಳೆಷ್ಟೋ.

ಈಗ ವಿಷಯಕ್ಕೆ ಬರ್ತೀನಿ. ತೈವಾನ್ ದೇಶದಲ್ಲಿ 2004ರಿಂದ ಹುಟ್ಟಿದ ಪ್ರತಿ ಮಗುವಿನ ಆರೋಗ್ಯ ಪುಸ್ತಕದಲ್ಲಿ ಕಕ್ಕದ ಬಣ್ಣದ ಕಾರ್ಡ್ ಇಟ್ಟಿದಾರೆ, ಜಪಾನಲ್ಲಿ 2012ರಿಂದ ತಾಯಿ ಮಗು ಪುಸ್ತಕದಲ್ಲೇ ಇದೆ. ಇದು ಸರಿ, ಇದು ಸರಿ ಇಲ್ಲ ಅಂತ ಫೋಟೋ, ಅಷ್ಟೇ, ಓದು ಬರಹ ಬರದವರೂ ಬಟ್ಟೆ ಪಕ್ಕ ಹಿಡಿದು ನೋಡಬಹುದು. ತೈವಾನಲ್ಲಿ ಕಾರ್ಡ್ ಬಂದ ಮೇಲೆ 60 ದಿನದೊಳಗೆ ಆಪರೇಷನ್ ಆಗೋ ಮಕ್ಕಳು ಜಾಸ್ತಿ ಆದ್ರು. ನಮ್ಮಲ್ಲಿ ತಾಯಿ ಕಾರ್ಡ್ ಇದ್ದೇ ಇದೆ. ಆಶಾ ಕಾರ್ಯಕರ್ತೆಯರು ಹೆರಿಗೆ ಆದ 3, 7, 14, 21, 28, 42ನೇ ದಿನ ಮನೆಗೆ ಬರಬೇಕು ಅಂತ ನಿಯಮನೂ ಇದೆ, ನೋಡಿ ಎಲ್ಲಾ ಆ 60 ದಿನದೊಳಗೇ! ತೂಕ ನೋಡ್ತಾರೆ, ಜ್ವರ ನೋಡ್ತಾರೆ, ಜೊತೆಗೆ ಬಟ್ಟೆನೂ ತೋರಿಸಿ ಅಂದ್ರೆ ಮುಗೀತು. ಆ ಹೆಣ್ಮಕ್ಕಳಿಗೆ ಕೊಡೋ ದುಡ್ಡು ಯಾತಕ್ಕೂ ಸಾಲಲ್ಲ, ಇನ್ನೊಂದು ಕೆಲಸ ಹೊರಿಸ್ತಿದೀನಿ ಅಂತ ಗೊತ್ತು, ಅವರಿಗೆ ಗೌರವಧನ ಹೆಚ್ಚು ಮಾಡಿ ಅಂತಾನೂ ಇದೇ ಪತ್ರದಲ್ಲಿ ಸೇರಿಸ್ಕೊಳ್ಳಿ.

ಎರಡನೇದು, ಎರಡು ವಾರ ದಾಟಿದ್ರೂ ಹಳದಿ ಹೋಗದ ಕೂಸಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಡೈರೆಕ್ಟ್ ಬಿಲಿರುಬಿನ್ ಟೆಸ್ಟ್ (ಪಿತ್ತದ ಜೊತೆ ಇಳಿದು ಹೋಗಬೇಕಾದ ಹಳದಿ ಅಂಶ ರಕ್ತದಲ್ಲಿ ಎಷ್ಟು ನಿಂತಿದೆ ಅಂತ ನೋಡೋದು) ಮಾಡಲೇಬೇಕು. ಡೈರೆಕ್ಟ್ ಜಾಸ್ತಿ ಇದ್ರೆ ಬಿಸಿಲಿಂದ ಏನೂ ಆಗಲ್ಲ, ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಗ್ಯಾಲಕ್ಟೋಸೀಮಿಯಾ (ಹಾಲಿನಲ್ಲಿರೋ ಸಕ್ಕರೆ ಕೂಸಿನ ಮೈಗೆ ಒಗ್ಗದ ಕಾಯಿಲೆ) ಥರದ ಬೇರೆ ಕಾಯಿಲೆಗಳೂ ಹಿಂಗೇ ಸಿಕ್ತವೆ, ಅದರಲ್ಲಂತೂ ಹಾಲು ನಿಲ್ಲಿಸಿದ್ರೇ ಕೂಸು ಉಳಿಯುತ್ತೆ.

ಇನ್ನು ಸ್ಪೆಷಲಿಸ್ಟ್‌ಗಳ ವಿಚಾರ. ಮಕ್ಕಳ ಲಿವರ್ ನೋಡೋರು ಹೆಚ್ಚುಕಮ್ಮಿ ಎಲ್ಲಾ ಬೆಂಗಳೂರಲ್ಲೇ, ನಮ್ಮ ರಾಯಚೂರು ಕಡೆಯವರು ಹೈದರಾಬಾದಿಗೂ ಓಡ್ತಾರೆ. ಕಸಿ ಆದ್ಮೇಲೆ ಹೊಸ ಲಿವರನ್ನ ಮೈ ತಿರಸ್ಕರಿಸದಂಗೆ ತಡೆಯೋ ಟ್ಯಾಕ್ರೋಲಿಮಸ್ ಅನ್ನೋ ಔಷಧಿ ಜೀವನಪೂರ್ತಿ, ರಕ್ತದಲ್ಲಿ ಅದರ ಲೆವೆಲ್ ಆಗಾಗ ನೋಡ್ತಿರಬೇಕು, ಅದಕ್ಕೆ ರಾತ್ರಿ ಬಸ್ಸು, ಅಪ್ಪನ ಕೂಲಿ ಖೋತಾ. ಹುಬ್ಬಳ್ಳಿ ಕಿಮ್ಸ್, ಕಲಬುರಗಿ ಜಿಮ್ಸ್, ರಾಯಚೂರು ರಿಮ್ಸ್‌ಗೆ ತಿಂಗಳಿಗೊಂದು ದಿನ ಬೆಂಗಳೂರಿಂದ ಡಾಕ್ಟ್ರು ಬಂದು ಓಪಿಡಿ ನಡೆಸಲಿ, ರಕ್ತ ಅಲ್ಲೇ ತಗೊಂಡು ಲ್ಯಾಬಿಗೆ ಕಳಿಸಲಿ, ರಿಪೋರ್ಟ್ ಫೋನಿಗೆ ಬರಲಿ. ಔಷಧಿ ಜಿಲ್ಲಾಸ್ಪತ್ರೆಯಲ್ಲೇ ಫ್ರೀಯಾಗಿ ಸಿಗಲಿ. ಆರೋಗ್ಯ ಸಚಿವರು ಇದನ್ನ ಓದ್ತಾರೋ ಇಲ್ವೋ, ಅವರ ಆಫೀಸಿನೋರಾದ್ರೂ ಓದಿ ಮುಂದಿನ ಸಲ ತಾಯಿ ಕಾರ್ಡ್ ಪ್ರಿಂಟಿಗೆ ಕೊಡೋ ಮುಂಚೆ ಆ ಬಣ್ಣದ ಪಟ್ಟಿಗೆ ಅರ್ಧ ಪುಟ ಬಿಡಿಸಲಿ.

— ಒಬ್ಬ ಓದುಗ, ಸಿಂಧನೂರು