ಹೊಸದಾಗಿ ಬಂದವರಿಗೆ: ಶನಿವಾರ ಬಫೆ ಊಟ

ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನ-ಶಾಂಪೇನ್‌ಗೆ ಈ ಸಲ ಹೊಸದಾಗಿ ಓದಲು ಬಂದಿರುವವರು ದಯವಿಟ್ಟು ಪೂರ್ತಿ ಓದಿ. ಶನಿವಾರ ಮಧ್ಯಾಹ್ನ ಎಲ್ಲರೂ ಇಂಡಿಯನ್ ಬಫೆಗೆ ಹೋಗೋಣ. ರೂಮಿನಲ್ಲಿ ನೂಡಲ್ಸ್ ತಿಂದುಕೊಂಡು ಸುಮ್ನೆ ದಿನ ತಳ್ಳಬೇಡಿ. ಐ-ಕಾರ್ಡ್ (ಯೂನಿವರ್ಸಿಟಿಯ ಗುರುತಿನ ಚೀಟಿ) ಇದ್ದರೆ ಎಂಟಿಡಿ, ಅಂದರೆ ಇಲ್ಲಿಯ ಸಿಟಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ಹಾಗಾಗಿ ದೂರ ಅಂತ ಹಿಂಜರಿಯುವುದೂ ಬೇಡ.

ಬಾಗಿಲು ತೆಗೆದ ಕೂಡಲೇ ಒಳಗಿರಬೇಕು. ಆಗ ಪಾಲಕ್ ಪನೀರ್ ಇನ್ನೂ ಹಸಿರಾಗಿರುತ್ತದೆ, ಎರಡು ಗಂಟೆ ದಾಟಿದರೆ ಅದೇ ಬಿಸಿ ಟ್ರೇಯಲ್ಲಿ ಕೂತು ಕೂತು ಕಂದಾಗಿ ಅಂಚಿನಲ್ಲಿ ಗಟ್ಟಿ ಪದರ ಕಟ್ಟಿರುತ್ತದೆ. ಟ್ರೇಯಲ್ಲಿರುವ ನಾನ್ ಬೇಗ ಚರ್ಮದಂತಾಗುತ್ತದೆ, ಬಿಸಿಬಿಸಿ ಕೊಡ್ತೀರಾ ಅಂತ ಕೇಳಿ ನೋಡಿ. ಮೊಟ್ಟೆ ತಿನ್ನದವರು ಹಿಟ್ಟಿಗೆ ಮೊಟ್ಟೆ ಹಾಕಿದ್ದಾರಾ ಅಂತಲೂ ಕೇಳಿ, ಕೆಲವು ಕಡೆ ಹಾಕುತ್ತಾರೆ. ಅಡುಗೆ ಜಾಸ್ತಿ ಪಂಜಾಬಿ ಕಡೆಯದು. ಸಾಂಬಾರ್ ಇದ್ದರೂ ನಮ್ಮ ಮನೆಯ ಹುಳಿ ನೆನೆಸಿಕೊಂಡು ಹೋಗಬೇಡಿ, ಚನಾ ಮಸಾಲ, ಅನ್ನ, ಮೊಸರು ಚೆನ್ನಾಗಿರುತ್ತವೆ. ಮೊದಲು ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳಿ, ತಟ್ಟೆಯಲ್ಲಿ ಬಿಟ್ಟು ಏಳಬೇಡಿ.

ಬೋರ್ಡಿನಲ್ಲಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಟಿಪ್ ತಪ್ಪಿಸಬೇಡಿ. ಬಡಿಸಿಕೊಳ್ಳುವುದು ನಾವೇ ಆದರೂ ನೀರು ತುಂಬುವುದು, ತಟ್ಟೆ ಎತ್ತುವುದು ಅಲ್ಲಿಯ ಕೆಲಸದವರೇ ಅಲ್ವಾ. ಇಲಿನಾಯ್‌ನಲ್ಲಿ 2025ರಿಂದ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್, ಆದರೆ ಟಿಪ್ ಸಿಗುವ ಕೆಲಸದವರಿಗೆ ಮಾಲೀಕರು 9 ಡಾಲರ್ ಕೊಡಬಹುದು, ಉಳಿದದ್ದು ನಮ್ಮಂಥವರ ಟಿಪ್‌ನಿಂದ ಬರುತ್ತದೆ ಅನ್ನುವ ಲೆಕ್ಕ. ನೂರಕ್ಕೆ ಹತ್ತಾದರೂ ಇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ದೊಡ್ಡ ಮೇಜು ಹೇಳಿಡಬೇಕು.