ಟೇಪು ಅಲ್ಲೇ ನಿಂತಿದೆ

ಕಳೆದ ಸೋಮವಾರ ಡಾಕ್ಟರಮ್ಮ ನನ್ನ ಹುಬ್ಬುಗಳ ನಡುವೆ, ಅಂದರೆ ಹುಬ್ಬುಗಳಿದ್ದ ಜಾಗದ ನಡುವೆ, ಟೇಪಿನ ತುದಿ ಒತ್ತಿ ಹಿಡಿದರು. ಅಲ್ಲಿಂದ ಕೂದಲು ಶುರುವಾಗುವ ತನಕ ಎಳೆದು, ಕಣ್ಣು ಕಿರಿದು ಮಾಡಿ ನೋಡಿ, "ಸಾಡೇ ನಊ. ತೇವಢಂಚ್ ಆಹೇ, ಕಾಕು" ಅಂತ ಮರಾಠಿಯಲ್ಲಿ ಅಂದರು. ಒಂಬತ್ತೂವರೆ ಸೆಂಟಿಮೀಟರ್. ಅಷ್ಟೇ ಇದೆ, ಚಿಕ್ಕಮ್ಮ. ಎರಡು ವರ್ಷದ ಹಿಂದೆಯೂ ಅಷ್ಟೇ ಇತ್ತು.

ಹುಬ್ಬು ಹೋಗಿ, ಹಣೆಯ ಮೇಲಿನ ಕೂದಲಂಚು ಹಿಂದೆ ಹಿಂದೆ ಸರಿಯುವ ಕಾಯಿಲೆ ನನ್ನದು. ಕೂದಲು ಬಂತಾ ಅಂತ ಕೇಳಬೇಡಿ, ಬಂದಿಲ್ಲ. ಬರುವುದೂ ಇಲ್ಲ. ಇನ್ನಷ್ಟು ಹೋಗಿಲ್ಲ ಅನ್ನುವುದಕ್ಕೇ ಈ ಬರಹ. ಎರಡು ವರ್ಷ ಆಗಲಿ, ಆಮೇಲೆ ಎಲ್ಲರಿಗೂ ಹೇಳುತ್ತೇನೆ ಅಂತ ಮನಸ್ಸಿನಲ್ಲೇ ಹರಕೆ ಹೊತ್ತಿದ್ದೆ. ತೀರಿಸುತ್ತಿದ್ದೇನೆ.

ಮೊದಲು ಹೋದದ್ದು ಹುಬ್ಬು. ಗೊತ್ತಾದದ್ದು 2020ರ ಲಾಕ್‌ಡೌನಿನಲ್ಲಿ. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಪಾರ್ಲರುಗಳೆಲ್ಲ ಬಾಗಿಲು ಹಾಕಿದ್ದವು. ನಮ್ಮ ಭಜನಾ ಮಂಡಳಿಯವರು ವಿಡಿಯೋದಲ್ಲಿ ಸೇರಿದರೆ ಒಬ್ಬೊಬ್ಬರ ಹುಬ್ಬೂ ಕಂಬಳಿಹುಳದ ಹಾಗೆ ಬೆಳೆದಿತ್ತು. ನನ್ನದು ಮಾತ್ರ ನಿನ್ನೆ ಥ್ರೆಡಿಂಗ್ ಮಾಡಿಸಿದ ಹಾಗೆ ತೆಳ್ಳಗೆ! "ಟೀಚರ್, ಗುಟ್ಟಾಗಿ ಯಾರನ್ನು ಮನೆಗೆ ಕರೆಸಿದಿರಿ?" ಅಂತ ನಕ್ಕರು. ನಾನೂ ನಕ್ಕೆ. ಅದಕ್ಕೂ ಒಂದು ವರ್ಷ ಮೊದಲೇ ಕೆನ್ನೆಯ ಬದಿಯಲ್ಲಿ, ಕಿವಿಯ ಮುಂದೆ, ಬೂದುಗಪ್ಪು ಛಾಯೆ ಬಂದಿತ್ತು. ಬಂಗು ಅಂದುಕೊಂಡು ಕ್ರೀಮು ಹಚ್ಚುತ್ತಿದ್ದೆ. ನಮ್ಮಂಥ ಕಂದು ಬಣ್ಣದವರಲ್ಲಿ ಅದೂ ಇದೇ ಕಾಯಿಲೆಯ ಜೊತೆಗಾರನಾಗಿ ಬರುವುದುಂಟು ಎಂದು ತಿಳಿದದ್ದು ಬಹಳ ತಡವಾಗಿ.

ಆಮೇಲೆ ಹಣೆ ದೊಡ್ಡದಾಗುತ್ತ ಹೋಯಿತು. ಕೂದಲಂಚಿನಲ್ಲಿ ತುರಿಕೆ, ಸಣ್ಣ ಉರಿ. ಹಣೆಯ ಹಳೆಯ ಚರ್ಮಕ್ಕೂ ಹೊಸದಾಗಿ ಬಯಲಾದ ಪಟ್ಟಿಗೂ ಬಣ್ಣದಲ್ಲೇ ವ್ಯತ್ಯಾಸ. ಆ ಪಟ್ಟಿ ನಯ, ಮೇಣ ಹಚ್ಚಿದ ಹಾಗೆ. ನಡುವೆ ಅಲ್ಲೊಂದು ಇಲ್ಲೊಂದು ಕೂದಲು ಒಂಟಿಯಾಗಿ ನಿಂತಿರುತ್ತದೆ. ಮೊಮ್ಮಗಳು ಅಂಥ ಒಂದಕ್ಕೆ "ವಾಚ್‌ಮನ್" ಅಂತ ಹೆಸರಿಟ್ಟಿದ್ದಾಳೆ.

ಮದ್ದು ಹೇಳಿದವರಿಗೆ ಲೆಕ್ಕವಿಲ್ಲ. ದಾಸವಾಳದ ಎಲೆ, ಮೆಂತ್ಯ, ಗರಗದ ಎಣ್ಣೆ, ಈರುಳ್ಳಿ ರಸ. ಈರುಳ್ಳಿ ರಸ ಹಚ್ಚಿಕೊಂಡ ವಾರ ಇವರು ಹಾಲ್‌ನಲ್ಲಿ ಮಲಗಿದರು. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿಗೆ ಹೇಳಿದ್ದು. ಸಿಟ್ಟಿರುವುದು ಒಂದು ಎ.ಸಿ. ಕ್ಲಿನಿಕ್ಕಿನ ಮೇಲೆ. ಅಲ್ಲಿ ಭೂತಗನ್ನಡಿ ಹಿಡಿದೂ ನೋಡದೆ, ಹಿಂದಿನ ಕೂದಲು ತೆಗೆದು ಮುಂದೆ ನೆಟ್ಟುಬಿಡೋಣ ಎಂದು ಕಂತಿನ ಲೆಕ್ಕ ಕೊಟ್ಟರು. ಕಾಯಿಲೆ ಒಳಗೆ ಉರಿಯುತ್ತಿರುವಾಗ ನೆಟ್ಟದ್ದೂ ಹೋಗುತ್ತದೆ. ಅದನ್ನು ಹೇಳುವವರು ಅಲ್ಲಿರಲಿಲ್ಲ. ಮುಂಗಡ ಕಟ್ಟುವ ಹಿಂದಿನ ದಿನ ಸೊಸೆ ಕೈ ಹಿಡಿದಳು: "ಅತ್ತೆ, ಒಂದು ಸಲ ಮುನ್ಸಿಪಾಲಿಟಿ ಆಸ್ಪತ್ರೆಯಲ್ಲಿ ತೋರಿಸೋಣ, ಆಮೇಲೆ ಬೇಕಾದ್ದು ಮಾಡಿ." ಆ ಮಾತಿಗೆ ಅವಳಿಗೆ ಮೊದಲ ನಮಸ್ಕಾರ. ಬೆಳಿಗ್ಗೆ ಏಳಕ್ಕೆ ಹೋಗಿ ಕೇಸ್ ಪೇಪರಿನ ಸಾಲಿನಲ್ಲಿ ನಿಂತವಳೂ ಅವಳೇ.

ಚರ್ಮದ ಓಪಿಡಿಯಲ್ಲಿ ಇದ್ದದ್ದು ನನ್ನ ಮಗಳ ವಯಸ್ಸಿನ ಡಾಕ್ಟರು. ಬೆಳಕಿರುವ ಚಿಕ್ಕ ದುರ್ಬೀನು ತಲೆಗಿಟ್ಟು ಹತ್ತು ನಿಮಿಷ ನೋಡಿದರು. ತಲೆಯ ಚರ್ಮದ ನಾಲ್ಕು ಮಿಲಿಮೀಟರಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ಹೆಸರು ಹೇಳಿದರು: ಫ್ರಂಟಲ್ ಫೈಬ್ರೋಸಿಂಗ್ ಅಲೊಪೀಶಿಯಾ. ನಮ್ಮದೇ ರಕ್ತದ ಬಿಳಿಕಣಗಳು ಕೂದಲಿನ ಬುಡಕ್ಕೆ ಮುತ್ತಿಗೆ ಹಾಕುತ್ತವೆ. ಹೊಸ ಕೂದಲು ಹುಟ್ಟಿಸುವ ಕಾಂಡಕೋಶಗಳು ಇರುವ ಜಾಗವೇ ನಾಶವಾಗಿ ಅಲ್ಲಿ ಕಲೆ ಕಟ್ಟುತ್ತದೆ, ರಂಧ್ರ ಮುಚ್ಚಿಹೋಗುತ್ತದೆ. ಕ್ಯಾನ್ಸರಿನ ಮದ್ದಿಗೆ ಉದುರಿದ ಕೂದಲು ಮರಳಿ ಬರುತ್ತದಲ್ಲ, ಅಲ್ಲಿ ಬುಡ ಉಳಿದಿರುತ್ತದೆ. ಇಲ್ಲಿ ಬಿತ್ತನೆಯ ಭತ್ತವನ್ನೇ ಇಲಿ ತಿಂದ ಹಾಗೆ. ಹೆಚ್ಚಾಗಿ ಬರುವುದು ಮುಟ್ಟು ನಿಂತ ಹೆಂಗಸರಿಗೆ. ಯಾಕೆ ಅನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಆಸ್ಟ್ರೇಲಿಯಾದ ಕೊಸ್ಸಾರ್ಡ್ ಎಂಬ ವೈದ್ಯರು ಅಂಥ ಆರು ಹೆಂಗಸರನ್ನು ನೋಡಿ ಇದನ್ನು ಬರೆದದ್ದೇ 1994ರಲ್ಲಂತೆ. ಆ ವರ್ಷ ನಾನು ನಾಲ್ಕನೇ ಕ್ಲಾಸಿಗೆ ಕನ್ನಡ ಕಲಿಸುತ್ತಿದ್ದೆ. ಸೊಂಟದ ತನಕ ಜಡೆ.

"ಹೋದದ್ದು ಬರುತ್ತದಾ?" ಅಂದೆ.

"ನಾಹೀ, ಕಾಕು." ಕಣ್ಣು ತಪ್ಪಿಸದೆ ಹೇಳಿದರು. "ಇರುವುದನ್ನು ಉಳಿಸಿಕೊಳ್ಳಲು ನೋಡೋಣ."

ಮೂರು ವರ್ಷ ಎಲ್ಲರೂ ಬರುತ್ತದೆ, ಬರುತ್ತದೆ ಎಂದೇ ಅಂದಿದ್ದರು. ಬರುವುದಿಲ್ಲ ಎಂದವರು ಇವರೊಬ್ಬರೇ. ಆ ದಿನ ಲೋಕಲಿನಲ್ಲಿ ಕಿಟಕಿಯ ಪಕ್ಕ ಕೂತು ಥಾಣೆ ಸ್ಟೇಶನ್ ತನಕ ಅತ್ತೆ. ಡಾಕ್ಟರಮ್ಮ, ನಿಮಗೆ ಕನ್ನಡ ಬಾರದು. ಇದನ್ನು ಯಾರಾದರೂ ನಿಮಗೆ ಓದಿ ಹೇಳಿದರೆ, ಆ ಅಳು ನಿಮ್ಮ ಮೇಲಿನ ಬೇಸರದ್ದಲ್ಲ ಎಂದು ತಿಳಿಯಿರಿ. ಮನೆಗೆ ಹೋಗಿ ಎಣ್ಣೆಯ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಟ್ಟೆ. ಹಗುರ ಅನ್ನಿಸಿತು.

ಮದ್ದಿನ ಕತೆ ತಮಾಷೆಯದ್ದು. ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದುಕೊಟ್ಟರು, ಕರೋನಾ ಹೊತ್ತಿಗೆ ಜಗತ್ತೇ ಹುಡುಕಾಡಿದ ಅದೇ ಮಾತ್ರೆ. ಅದಕ್ಕೆ ಮೊದಲು ಕಣ್ಣಿನ ಪರದೆಯ ಪರೀಕ್ಷೆ. ಕೆಲವು ವಾರಕ್ಕೊಮ್ಮೆ ಕೂದಲಂಚಿನ ಉದ್ದಕ್ಕೂ ಸ್ಟೀರಾಯ್ಡ್ ಚುಚ್ಚುಮದ್ದು. ಅದು ತಮಾಷೆಯಲ್ಲ, ಕೆಂಜಿಗದ ಗೂಡಿಗೆ ತಲೆ ಕೊಟ್ಟ ಹಾಗೆ. ಇನ್ನೊಂದು ಡುಟಾಸ್ಟರೈಡ್. ಸ್ಟ್ರಿಪ್ ನೋಡಿ ಇವರು ಕನ್ನಡಕ ಸರಿ ಮಾಡಿಕೊಂಡು, "ಇದು ನನ್ನ ಪ್ರಾಸ್ಟೇಟಿನ ಗುಳಿಗೆಯಲ್ಲವಾ ಮಾರಾಯ್ತಿ!" ಅಂದರು. ಹೌದು, ಅದೇ. ಮದುವೆಯಾಗಿ ನಲವತ್ತೊಂದು ವರ್ಷಕ್ಕೆ ಇಬ್ಬರಿಗೂ ಒಂದೇ ಗುಳಿಗೆ. ಬಸುರಿಯರು ಅದನ್ನು ಮುಟ್ಟಲೂಬಾರದು ಎಂದದ್ದಕ್ಕೆ, ಅಣ್ಣನ ಮಗಳು ಬಸುರಿಯಾಗಿ ನಮ್ಮಲ್ಲಿಗೆ ಬಂದಾಗ ಇವರು ಡಬ್ಬವನ್ನು ಗೋದ್ರೆಜ್ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ರಾತ್ರಿ ಊಟ ಆದ ಮೇಲೆ ನನ್ನದನ್ನೂ ಅವರದನ್ನೂ ಒಂದೇ ತಟ್ಟೆಯಲ್ಲಿ ತಂದಿಡುತ್ತಾರೆ. ಬಾಯಿಬಿಟ್ಟು ಥ್ಯಾಂಕ್ಸ್ ಹೇಳಿದರೆ ನಾಚುತ್ತಾರೆ, ಹಾಗಾಗಿ ಇಲ್ಲಿ ಬರೆದಿದ್ದೇನೆ.

ಅದೇ ಕಪಾಟಿನಲ್ಲಿ ನಾದಿನಿ ತಂದುಕೊಟ್ಟ ವಿಗ್ ಕೂಡ ಇದೆ. ಮುಂಬೈಯ ಮೇ ತಿಂಗಳ ಬೆವರಿನಲ್ಲಿ ಒಂದೇ ಮದುವೆಗೆ ಹಾಕಿದ್ದು. ಮೊನ್ನೆ ಮೊಮ್ಮಗಳು ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೆ ಒಯ್ದಳು. ಬಹುಮಾನ ಬಂತು.

ಪರೀಕ್ಷೆಗೆ ಚರ್ಮದ ಆ ಚೂರು ತೆಗೆಯುವ ದಿನ ಆಸ್ಪತ್ರೆಯ ಆಯಾ ಕತ್ತರಿಯಿಂದ ಒಂದಿಷ್ಟು ಕೂದಲು ತೆಗೆದು, ನೀರಿನ ಹತ್ತಿ ಒತ್ತಿದಳು. ತಣ್ಣಗಾಯಿತು. ಆಗ ನೆನಪಾದದ್ದು ಕೆಂಪಜ್ಜಿ. ಅಮ್ಮನ ದೊಡ್ಡಮ್ಮ. ಹತ್ತೊಂಬತ್ತಕ್ಕೆ ಗಂಡ ಹೋದ. ಆಗಿನಿಂದ ಕೆಂಪು ಸೀರೆ, ಬೋಳು ತಲೆ. ತಿಂಗಳಿಗೊಮ್ಮೆ ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಕ್ಷೌರದವನು ಬರುತ್ತಿದ್ದ. ಮಕ್ಕಳನ್ನು ಒಳಗೆ ಕಳಿಸುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದ ಇಣುಕುತ್ತಿದ್ದೆ. ಕಂಚಿನ ಬಟ್ಟಲಿನ ನೀರು, ಬಾಗಿದ ಕುತ್ತಿಗೆ. ಆಮೇಲೆ ಬಾವಿಯಿಂದ ಸೇದಿ ಸೇದಿ ಮೀಯುವುದು.

ಆದಿತ್ಯವಾರ ನನ್ನ ತಲೆಗೆ ಎಣ್ಣೆ ಹಾಕುತ್ತಿದ್ದವಳು ಅವಳೇ. ಸಿಕ್ಕು ಬಿಡಿಸಿ, ಬಿಗಿಯಾಗಿ ಎರಡು ಜಡೆ ಹೆಣೆದು, ತೋಟದ ಅಬ್ಬಲಿಗೆ ಮುಡಿಸುವುದು. ನೋಯದ ಹಾಗೆ ಸಿಕ್ಕು ಬಿಡಿಸುವುದು ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಒಮ್ಮೆ ಕೇಳಿಬಿಟ್ಟೆ: "ಅಜ್ಜಿ, ನಿಂಗೆ ಕೂದಲು ಬೇಕು ಅನಿಸುದಿಲ್ವಾ?" ಬಾಚಣಿಗೆ ಒಂದು ಗಳಿಗೆ ನಿಂತಿತು. "ಸುಮ್ನೆ ಕೂತ್ಕೊ. ಬೈತಲೆ ಸೊಟ್ಟ ಆಗ್ತದೆ."

ನನ್ನದು ಕಾಯಿಲೆ. ಅವಳದ್ದನ್ನು ಜನ ಮಾಡಿದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ತಪ್ಪಾಗುತ್ತದೆ. ಅವಳಿಗೆ ಧನ್ಯವಾದ ಹೇಳುವ ಕಾಲ ಹೋಗಿ ಐವತ್ತು ವರ್ಷ ಆಯಿತು.

ಎದುರು ಫ್ಲಾಟಿನ ಮರಾಠಿ ಹೆಂಗಸನ್ನು ಬಿಡುವ ಹಾಗಿಲ್ಲ. ವಹಿನಿ, ಅಂದರೆ ಅತ್ತಿಗೆ, ಅಂತ ಕರೆಯುವುದು ನಾನು. ಸಂಕ್ರಾಂತಿಯ ಹಳದಿಕುಂಕುವಿಗೆ ಹೋಗುವುದನ್ನು ನಾನು ನಿಲ್ಲಿಸಿದ್ದೆ. ಒಂದು ಮನೆಯಲ್ಲಿ ಹೆಂಗಸೊಬ್ಬಳು ಕುಂಕುಮದ ಬೆರಳು ಎತ್ತಿ, ಎಲ್ಲಿಡಬೇಕು ಎಂದು ತೋಚದೆ ತಡವರಿಸಿದ್ದಳು. ಅದು ಸಾಕಾಗಿತ್ತು. ಆ ವರ್ಷ ವಹಿನಿಯೇ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಕುಂಕುಮ ಇಟ್ಟರು, ಕೈಗೆ ಎಳ್ಳುಬೆಲ್ಲದ ತಿಳಗುಳ್ ಹಾಕಿದರು, ಚಹಾ ಕೇಳಿ ಮಾಡಿಸಿಕೊಂಡು ಕುಡಿದರು, ಬಿಲ್ಡಿಂಗಿನ ನೀರಿನ ಟ್ಯಾಂಕಿನ ಬಗ್ಗೆ ಅರ್ಧ ಗಂಟೆ ಬೈದು ಹೋದರು. ಕೂದಲಿನ ಸುದ್ದಿಯೇ ಇಲ್ಲ. ಮರುವರ್ಷ ನಾನೇ ಹೊರಟೆ.

ಸೋಮವಾರ ಆಸ್ಪತ್ರೆಯಿಂದ ಬರುವಾಗ ಮಾಟುಂಗಾದಲ್ಲಿ ಇಳಿದೆ. ಊರಿನ ಮಲ್ಲಿಗೆ ಬಂದಿತ್ತು, ಬಾಳೆನಾರಿನಲ್ಲಿ ಕಟ್ಟಿದ, ಉಡುಪಿ ಕಡೆಯ ಶಂಕರಪುರದ್ದು. ಈಗೀಗ ಒಂದು ಗೇಣು ಕೊಳ್ಳುವವಳು ಇಡೀ ಚೆಂಡು ಕೇಳಿದ್ದಕ್ಕೆ ಹೂವಿನವರು, "ಏನು ಟೀಚರ್, ಮನೇಲಿ ಪೂಜೆಯಾ?" ಅಂದರು.

"ಏನೂ ಇಲ್ಲ, ಹೀಗೇ" ಅಂದೆ.

ತುರುಬು ಇನ್ನೂ ಇದೆ, ಹಿಂದುಗಡೆ. ಅಲ್ಲಿಗೊಂದು ತುಂಡು ಮುಡಿದೆ. ಉಳಿದದ್ದನ್ನು ಲೇಡೀಸ್ ಡಬ್ಬಿಯಲ್ಲಿ ಹಂಚುತ್ತ ಬಂದೆ. ಡೊಂಬಿವಲಿ ಬರುವ ಹೊತ್ತಿಗೆ ಕೈಯಲ್ಲಿ ಬರೀ ಬಾಳೆಎಲೆ.