ಅಮ್ಮಾ, ಬಳೆ ಅಡ ಇಡ್ಬೇಡ

ಲೆಸ್ಟರ್, ಇಂಗ್ಲೆಂಡ್
25 ಜನವರಿ 2026, ಭಾನುವಾರ

ಅಮ್ಮಂಗೆ ನಮಸ್ಕಾರ. ನಾವಿಬ್ರೂ ಚೆನ್ನಾಗಿದೀವಿ. ಎಳ್ಳುಬೆಲ್ಲದ ಪೊಟ್ಟಣ ಗುರುವಾರ ಬಂತು, ಹಬ್ಬ ಮುಗಿದು ವಾರ ಆಗಿತ್ತು, ಆದ್ರೂ ಕೊಬ್ರಿ ಮೆತ್ತಗಾಗಿರ್ಲಿಲ್ಲ. ಸಕ್ಕರೆ ಅಚ್ಚಲ್ಲಿ ಆನೆಗೆ ಸೊಂಡ್ಲು ಮುರಿದಿತ್ತು, ಪುಟ್ಟಿ ಪಾಪ ಅಂತ ಅದನ್ನೇ ಮೊದ್ಲು ತಿಂದ್ಳು.

ಅದರೊಳಗಿದ್ದ ಕಾಗದ ಓದಿ ರಾತ್ರಿ ನಿದ್ದೆ ಬರ್ಲಿಲ್ಲ ಕಣಮ್ಮ. ಬಳೆ ಸೊಸೈಟಿಲಿ ಅಡ ಇಟ್ಟು ದುಡ್ಡು ಕಳಿಸ್ತೀನಿ ಅಂತೀಯಲ್ಲ, ನಾನೇನು ಉಪವಾಸ ಬಿದ್ದಿದೀನಾ? ಗಿರಿಜ ಚಿಕ್ಕಮ್ಮ ಹೇಳಿರ್ಬೇಕು, ಹಳಸಿದ ಬ್ರೆಡ್ ತಿಂತಾಳೆ ಅಂತ. ಹಳಸಿದ್ದಲ್ಲ, ಅವತ್ತಿಗೆ ಡೇಟ್ ಮುಗಿಯೋದು ಅಷ್ಟೆ. ಸಂಜೆ ಏಳರ ಮೇಲೆ ಸೂಪರ್‌ಮಾರ್ಕೆಟ್‌ನಲ್ಲಿ ಒಬ್ಬ ಹುಡುಗ ಹಳದಿ ಸ್ಟಿಕ್ಕರ್ ಹೊಡಿಯೋ ಮಿಷನ್ ಹಿಡ್ಕೊಂಡು ಬರ್ತಾನೆ. ಬಸ್ ಸ್ಟಾಪಲ್ಲಿ ಇಬ್ರೇ ಇದ್ರೂ ಕ್ಯೂ ನಿಲ್ಲೋ ಜನ ಇವ್ರು, ಅವನ ಹತ್ರ ಮಾತ್ರ ಏನೋ ಮೊಸರು ನೋಡ್ತಿರೋರ ಥರ ಸುಳಿದಾಡ್ತಿರ್ತಾರೆ, ಅವನು ಅಂಟಿಸಿ ಕೈ ತೆಗೆಯೋದೇ ತಡ ಮಾಲು ಮಾಯ. ಸೂಟು ಹಾಕಿರೋರೂ ಇರ್ತಾರೆ. ಮೊನ್ನೆ ಬ್ರೆಡ್ 20 ಪೆನ್ನಿಗೆ ಸಿಕ್ತು, ಫ್ರೀಜರ್‌ಗೆ ಹಾಕಿದೀನಿ. ಸೊಪ್ಪಿನವಳ ಹತ್ರ ಚೌಕಾಸಿ ಮಾಡ್ದೆ ನೀನು ಯಾವತ್ತಾದ್ರೂ ಬುಟ್ಟಿ ಇಳಿಸ್ಕೊಂಡಿದ್ಯಾ?

ಲೆಕ್ಕ ಹೇಳ್ತೀನಿ ಕೇಳು, ಸುಮಂತಂಗೆ ನಿಧಾನಕ್ಕೆ ಓದು ಅನ್ನು. ಸಂಬಳ ಬಂದ ದಿನವೇ ಅರ್ಧದಷ್ಟು ಬಾಡಿಗೆಗೆ ಹೋಗತ್ತೆ. ಆಮೇಲೆ ಕೌನ್ಸಿಲ್ ಟ್ಯಾಕ್ಸ್ ಅಂತ, ನಮ್ಮ ಮನೆ ಕಂದಾಯದ ಥರ, ಆದ್ರೆ ಇಲ್ಲಿ ಬಾಡಿಗೆಗಿರೋರೇ ಕಟ್ಬೇಕು. ಮನೇಲಿ ದೊಡ್ಡೋರು ಒಬ್ರೇ ಇದ್ರೆ ನೂರಕ್ಕೆ 25 ಬಿಡ್ತಾರೆ. ಪುಟ್ಟಿ ಅಪ್ಪ ಬಿಟ್ಟು ಹೋದ್ಮೇಲೆ ನಾನು ಮಾಡಿದ ಮೊದ್ಲನೇ ಕೆಲಸ ಆ ಫಾರಂ ತುಂಬಿದ್ದು, ನಗ್ಬೇಡ. ಆ ಟ್ಯಾಕ್ಸ್ ವರ್ಷಕ್ಕೆ ಹತ್ತು ಕಂತು, ಏಪ್ರಿಲ್‌ನಿಂದ ಜನವರಿವರೆಗೆ, ಫೆಬ್ರವರಿ ಮಾರ್ಚ್ ಬಿಡುವು. ಚಳಿಗಾಲದ ಗ್ಯಾಸ್ ಬಿಲ್ಲು ತೋಡಿದ ಗುಂಡೀನ ಆ ಎರಡು ತಿಂಗಳ ದುಡ್ಡಲ್ಲೇ ಮುಚ್ಚೋದು. ಮಗು ಹೆಸರಲ್ಲಿ ಸರ್ಕಾರ ವಾರಕ್ಕೆ 26 ಪೌಂಡು 5 ಪೆನ್ನಿ ಲೆಕ್ಕದಲ್ಲಿ ನಾಲ್ಕು ವಾರಕ್ಕೊಂದ್ಸಲ ಹಾಕತ್ತೆ, ಪರ್ಮನೆಂಟ್ ವೀಸಾ ಆಗೋವರ್ಗೂ ನಂಗೆ ಅದೂ ಇರ್ಲಿಲ್ಲ. ಅವನು ಕಳಿಸೋದು ಬಂದ್ರೆ ಬಂತು, ಲೆಕ್ಕಕ್ಕೆ ಹಿಡಿಯಲ್ಲ. ಹಿಡಿದಿದ್ದಕ್ಕೇ ಮೊದ್ಲ ವರ್ಷ ಒದ್ದಾಡಿದ್ದು.

ನೀನು ಸಾಸಿವೆ ಡಬ್ಬೀಲಿ ದುಡ್ಡು ಇಡ್ತಿದ್ಯಲ್ಲ, ಇಲ್ಲಿ ಬ್ಯಾಂಕ್ ಆಪಲ್ಲೇ ಡಬ್ಬಿ ಮಾಡ್ಬೋದು, ನಾನು ಸಾಸಿವೆ, ಮೆಂತ್ಯ, ಇಂಗು ಅಂತ ಹೆಸರಿಟ್ಟಿದೀನಿ. ಇಂಗು ಮುಟ್ಟಲೇಬಾರ್ದು ಅಂತ. ಈ ತಿಂಗ್ಳು ಮುಟ್ಟಿದೆ, ಪುಟ್ಟಿ ಶೂಗೆ 40 ಪೌಂಡು, ಕಾಲು ಅವರಪ್ಪನ ಥರ ಬೆಳೀತಿದೆ. ಶಾಲೆ ಊಟ ಎರಡನೇ ಕ್ಲಾಸ್‌ವರ್ಗೂ ಎಲ್ಲ ಮಕ್ಕಳಿಗೂ ಪುಕ್ಕಟೆ, ಸೆಪ್ಟೆಂಬರ್‌ಗೆ ಅವಳು ಮೂರಕ್ಕೆ ಹೋಗ್ತಾಳೆ. ಡಬ್ಬಿಗೆ ಚಿತ್ರಾನ್ನ ಕಟ್ತೀನಿ ಬಿಡು. ಡಾಕ್ಟ್ರು, ಅವಳ ಔಷಧಿ, ಹಲ್ಲು, ಕಣ್ಣು ಯಾವುದಕ್ಕೂ ದುಡ್ಡಿಲ್ಲ, ಇಲ್ಲಿಯ ಬಗ್ಗೆ ಏನೇ ಅನ್ನಲಿ ಅದೊಂದು ಮಾತ್ರ ನಾನು ಯಾರ ಹತ್ರನೂ ಬಿಟ್ಕೊಡಲ್ಲ.

ಗೃಹಲಕ್ಷ್ಮಿದು 2000 ಕೂಡಿಡ್ತಿದೀನಿ ಅಂದ್ಯಲ್ಲ, ಇಲ್ಲಿ ಅದು ಹದಿನಾರು ಹದಿನೇಳು ಪೌಂಡು, ಅಲ್ಲಿ ನಿನ್ನ ಬಿಪಿ ಮಾತ್ರೆ. ಮಾತ್ರೆ ತಗೋ. ಅರಸೀಕೆರೆ ಸಂಬಂಧದ ವಿಷಯ ಮತ್ತೆ ಬರೀಬೇಡ. ನಿಜವಾಗ್ಲೂ ಏನೂ ತೊಂದ್ರೆ ಇಲ್ಲ, ಆರಾಮಾಗಿದೀನಿ, ತೂಕ ಕೂಡ ಜಾಸ್ತಿ ಆಗಿದೆ.

ಇಲ್ಲಿ ಕರೆಂಟ್ ಎಷ್ಟು ಉರೀತಿದೆ ಅಂತ ತೋರಿಸೋಕೆ ಒಂದು ಪುಟ್ಟ ಪರದೆ ಕೊಟ್ಟಿದಾರೆ, ಕಮ್ಮಿ ಆದ್ರೆ ಹಸಿರು ದೀಪ, ಜಾಸ್ತಿ ಆದ್ರೆ ಕೆಂಪು. ಪುಟ್ಟಿ ಕರೆಂಟ್ ಶವರ್ ಬಿಟ್ಕೊಂಡು ಹಾಡ್ತಾ ನಿಂತಿದಾಳೆ, ಹತ್ತು ನಿಮಿಷದಿಂದ ಕೆಂಪು. ಹೋಗ್ಬೇಕು.

ನಿನ್ನ ಸುಧಾ

ಬಳೆ ಆಗ್ಲೇ ಇಟ್ಬಿಟ್ಟಿದ್ರೆ ಬೈಯಲ್ಲ, ಎಷ್ಟು ಅಂತ ಹೇಳು, ಫೆಬ್ರವರೀಲಿ ಬಿಡಿಸ್ಕೊಳೋಕೆ ಕಳಿಸ್ತೀನಿ.